ಮಾಳಿಗೆ ಮೇಲೆ ಚಿಟ್ಟಿ

ಎಐ ಬಗ್ಗೆ ಒಂದು ಸಿನಿಮಾ ಹೇಳಿ ಅಂದರೆ ನಮ್ಮ ಹಾಸ್ಟೆಲಿನಲ್ಲಿ ಥಟ್ಟನೆ ಬರುವ ಹೆಸರುಗಳೆಲ್ಲ ಇಂಗ್ಲಿಷಿನವೇ. ಟರ್ಮಿನೇಟರ್, ಮ್ಯಾಟ್ರಿಕ್ಸ್, ಹರ್, ಎಕ್ಸ್ ಮಷಿನಾ. ಸ್ವಲ್ಪ ಗತ್ತಿನ ಸೀನಿಯರ್ ಇದ್ದರೆ 1968ರ ಕುಬ್ರಿಕ್ ಸಿನಿಮಾದ ಹಾಲ್ 9000 ಹೆಸರು ಹೇಳಿ, ಸುತ್ತ ಇದ್ದವರೆಲ್ಲ ನೋಡಿದ್ದಾರೋ ಇಲ್ಲವೋ ಅಂತ ಕಣ್ಣು ಹಾಯಿಸುತ್ತಾರೆ. ನೋಡದವರೂ ತಲೆ ಅಲ್ಲಾಡಿಸುತ್ತಾರೆ. ಇದು ನಿಮಗೂ ಗೊತ್ತಿರುವ ವಿಷಯವೇ.

ಕನ್ನಡದಲ್ಲಿ ಯಾವುದೂ ಇಲ್ವಾ ಅಂತ ಒಮ್ಮೆ ಮೆಸ್ಸಿನಲ್ಲಿ ಮಾತು ಬಂತು. ಇದೆ. 2002ರಲ್ಲೇ ಬಂದಿದೆ, ಅಂದರೆ ನಮ್ಮಲ್ಲಿ ಬಹಳಷ್ಟು ಜನ ಹುಟ್ಟುವ ಮೊದಲೇ. ಉಪೇಂದ್ರ ಅವರ 'ಹಾಲಿವುಡ್'. ನಿರ್ದೇಶನ ದಿನೇಶ್ ಬಾಬು, ನಿರ್ಮಾಣ ರಾಮು, ಸಂಗೀತ ಗುರುಕಿರಣ್, ವಿಜ್ಞಾನಿಯ ಪಾತ್ರದಲ್ಲಿ ಅನಂತ್ ನಾಗ್, ನಾಯಕಿ ಆಸ್ಟ್ರೇಲಿಯಾದ ಫೆಲಿಸಿಟಿ ಮೇಸನ್. ಉಪೇಂದ್ರಗೆ ಮೂರು ಪಾತ್ರ. ಅದರಲ್ಲೊಂದು ಮನುಷ್ಯನ ಪಾತ್ರವೇ ಅಲ್ಲ, ಯುಎಸ್ 47 ಅನ್ನೋ ಯಂತ್ರಮಾನವ. ಆ ಯಂತ್ರಕ್ಕೆ ನಾಯಕಿಯ ಮೇಲೆ ಪ್ರೀತಿ ಹುಟ್ಟುತ್ತದೆ. ಮನುಷ್ಯನ ಮುಖ ಹೊತ್ತ ಯಂತ್ರ, ಅದೇ ಮುಖದ ಮನುಷ್ಯನ ಪಾಲಿಗೆ ಪ್ರತಿಸ್ಪರ್ಧಿ. ಇಷ್ಟು ಹೇಳಿದ ಕೂಡಲೇ ನಿಮಗೆ ಇನ್ನೊಂದು ಸಿನಿಮಾ ನೆನಪಾಗಿರುತ್ತದೆ. ಶಂಕರ್ ನಿರ್ದೇಶನದ, ರಜನೀಕಾಂತ್ ಇರುವ 'ಎಂದಿರನ್' ತೆರೆಗೆ ಬಂದದ್ದು 2010ರ ಅಕ್ಟೋಬರ್ 1ಕ್ಕೆ. ಎಂಟು ವರ್ಷ ನಂತರ. ಯಾರು ಯಾರಿಂದ ತೆಗೆದುಕೊಂಡರು ಅನ್ನೋ ಜಗಳ ಹಚ್ಚಲು ಇದನ್ನು ಹೇಳುತ್ತಿಲ್ಲ. ತಾನು ಮಾಡಿದ ಗೊಂಬೆಗೆ ಜೀವ ಬಂದು ತನಗೇ ಎದುರು ನಿಲ್ಲುವ ಕಥೆಗೆ ಯಾರೂ ಪೇಟೆಂಟ್ ತಗೊಂಡಿಲ್ಲ. ಹಾಲಿವುಡ್ ಚಿತ್ರದ ಗ್ರಾಫಿಕ್ಸ್ ಈಗ ನೋಡಿದರೆ ನಗು ಬರುತ್ತದೆ, ನಿಜ. ಆದರೆ 2002ರಲ್ಲಿ ಕನ್ನಡದ ಬಜೆಟ್ಟಿನಲ್ಲಿ ಅದನ್ನು ಮಾಡಲು ಹೊರಟ ಧೈರ್ಯಕ್ಕೆ ನಾವು ಒಂದು ಸಲಾಂ ಹೊಡೆಯುತ್ತೇವೆ.

ಈ ಮೇ ತಿಂಗಳಲ್ಲಿ ಸೆಮಿಸ್ಟರ್ ಪರೀಕ್ಷೆ ಮುಗಿಸಿ ನಾವು ಐದು ಮಂದಿ ಚಿಕ್ಕನರಗುಂದಕ್ಕೆ ಹೋಗಿದ್ದೆವು. ನಮ್ಮಲ್ಲೊಬ್ಬನ ಊರು ಅದು. ಹುಬ್ಬಳ್ಳಿಯಿಂದ ನವಲಗುಂದ ದಾಟಿ ನರಗುಂದದ ಕಡೆ ಹೊರಟರೆ ಎರಡೂ ಕಡೆ ಎರಿ ಭೂಮಿ, ಕಣ್ಣು ಹರಿದಷ್ಟೂ ಸಪಾಟು, ಆ ಸಪಾಟಿನ ನಡುವೆ ಇದ್ದಕ್ಕಿದ್ದಂಗೆ ನರಗುಂದದ ಗುಡ್ಡ. ಮಲೆನಾಡಿನಿಂದ ಬಂದ ನಮ್ಮ ಗೆಳತಿ ಬಸ್ಸಿನ ಕಿಟಕಿಯಲ್ಲಿ ನೋಡುತ್ತ, ಇಷ್ಟೊಂದು ಆಕಾಶ ನಾನೆಂದೂ ನೋಡಿಲ್ಲ ಅಂದಳು. ಬಿಸಿಲು ಎಷ್ಟಿತ್ತೆಂದರೆ ಮಧ್ಯಾಹ್ನ ಪೂರ್ತಿ ಮನೆಯೊಳಗೇ ಮಲಗಿದೆವು. ಸಂಜೆ ಮಾಳಿಗೆ ಹತ್ತಿದೆವು. ಆ ಕಡೆಯ ಹಳೇ ಮನೆಗಳ ಮಾಳಿಗೆ ಅಂದರೆ ಮಣ್ಣಿನದ್ದು. ಇವರದ್ದು ಈಗ ಸಿಮೆಂಟಿನ ಸ್ಲ್ಯಾಬ್, ಹೆಸರು ಮಾತ್ರ ಇನ್ನೂ ಮಾಳಿಗಿನೇ.

ಹೋಗುವಾಗ ಡಿಪಾರ್ಟ್‌ಮೆಂಟಿನ ಒಬ್ಬ ಗೆಳೆಯನಿಂದ ಸಣ್ಣ ಪ್ರೊಜೆಕ್ಟರ್ ಇಸಗೊಂಡಿದ್ದೆವು. ಮಾಳಿಗೆಯ ಗೋಡೆಗೆ ಬಿಳಿ ಧೋತರ ಕಟ್ಟಿ ಸಿನಿಮಾ ಹಚ್ಚಿದೆವು. ಯಾವ ಸಿನಿಮಾ ಅನ್ನೋದನ್ನು ನಿರ್ಧರಿಸಿದ್ದು ಗೆಳೆಯನ ತಂಗಿ. ಪಿಯುಸಿ ಮುಗಿಸಿ ಸಿಇಟಿ ಬರೆದು ಕೂತಿದ್ದಳು. ಬ್ರಾಂಚ್ ಯಾವುದು ತಗೊಳ್ಳೋದು ಅನ್ನೋ ಚರ್ಚೆ ಆ ಮನೆಯಲ್ಲಿ ಹದಿನೈದು ದಿನದಿಂದ ನಡೆದಿತ್ತು. "ಎಐ ಎಂಎಲ್ ಅಂತ ಬೋರ್ಡ್ ಹಚ್ಚ್ಯಾರ, ಅದು ಏನ್ ಕಲಸ್ತಾರ?" ಅಂತ ಅವಳ ಅಪ್ಪ ನಮ್ಮನ್ನು ಕೇಳಿದರು. ನಾವು ಡೇಟಾ, ಮಾಡೆಲ್, ಟ್ರೈನಿಂಗ್ ಅಂತ ಏನೇನೋ ಹೇಳಿದೆವು. ಅವರು ಎಲ್ಲ ಕೇಳಿ, "ಅಂದ್ರ ಮನಷ್ಯಾರ ಕೆಲಸ ಮಷೀನಿಗೆ ಕಲಸೋದು. ಹೌದಿಲ್ಲೋ?" ಅಂದರು. ಸಿಲಬಸ್ ಇಷ್ಟು ಸಣ್ಣದಾಗಿ ಹೇಳಬಹುದು ಅಂತ ನಮಗೆ ಯಾರೂ ಹೇಳಿರಲಿಲ್ಲ. ತಂಗಿ ಅಂದಳು, "ಅಪ್ಪಾ, ರೋಬೋಟ್ ಪಿಚ್ಚರ್ ತೋರಸ್ತೀನಿ, ಆಮ್ಯಾಲೆ ಮಾತಾಡೂಣು."

ಇದ್ದದ್ದು ಹಿಂದಿ 'ರೋಬೋಟ್'. 2010ರಲ್ಲಿ ಅದು ತೆಲುಗಿಗೆ 'ರೋಬೋ' ಆಗಿ, ಹಿಂದಿಗೆ 'ರೋಬೋಟ್' ಆಗಿ ಡಬ್ ಆಯಿತು, ಕನ್ನಡಕ್ಕೆ ಆಗಲಿಲ್ಲ. ಆಗ ನಮ್ಮಲ್ಲಿ ಡಬ್ಬಿಂಗ್ ಅನ್ನೋ ಶಬ್ದವೇ ಮುಟ್ಟುವಂತಿರಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗ ಆದೇಶ ಕೊಟ್ಟ ಮೇಲೆ ನಿಧಾನಕ್ಕೆ ಬಾಗಿಲು ತೆರೆಯಿತು. ಅದರಿಂದ ಆ ರಾತ್ರಿ ಚಿಟ್ಟಿಗೆ ಕನ್ನಡ ಕಲಿಸಿದ್ದು ನಮ್ಮ ಗೆಳೆಯನ ಕಾಕಾ. ಪರದೆಯ ಪಕ್ಕ ಖುರ್ಚಿ ಹಾಕಿಕೊಂಡು ಒಂದೊಂದು ಡೈಲಾಗನ್ನೂ ಗದಗ ಜಿಲ್ಲೆಯ ಮಾತಿಗೆ ಇಳಿಸುತ್ತ ಹೋದರು. ಚಿಟ್ಟಿ ಸೊಳ್ಳೆಗಳ ಜೊತೆ ಮಾತಾಡಿ ಐಶ್ವರ್ಯಾ ರೈಗೆ ಕಚ್ಚಿದ ಸೊಳ್ಳೆಯನ್ನು ಹುಡುಕುವ ದೃಶ್ಯ ಇದೆಯಲ್ಲ, ಅಲ್ಲಿ ಸೊಳ್ಳೆಗಳಿಗೂ ಒಂದು ದನಿ ಕೊಟ್ಟರು. ಅಕ್ಕಪಕ್ಕದ ಮಾಳಿಗೆಯವರೂ ಬಂದು ಕೂತರು. ಕಾಕಾರ ಡಬ್ಬಿಂಗ್ ಮುಂದೆ ಮೂಲ ಏನೂ ಅಲ್ಲ ಅನ್ನೋದು ನಮ್ಮ ಸರ್ವಾನುಮತದ ಅಭಿಪ್ರಾಯ. ಅಂದಹಾಗೆ ಚಿಟ್ಟಿಯ ಮುಖದ ಒಡೆಯ ಒಂದು ಕಾಲಕ್ಕೆ ಬೆಂಗಳೂರಿನ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಅನ್ನೋದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮೊದಲ ಪ್ರಶ್ನೆ ಬಂದದ್ದು ಅಜ್ಜಿಯಿಂದ. "ಅದಕ್ಕ ಹಸಿವು ಆಕ್ಕೈತೇನು?"

ಬ್ಯಾಟರಿ ಇಳಿಯುತ್ತದೆ, ಚಾರ್ಜ್ ಹಾಕಬೇಕು ಅಂದೆವು.

"ಹಂಗಾರ ನಮ್ಮೂರಾಗ ಅದು ಬದುಕೂದಿಲ್ಲ ತಗಿ. ಪಂಪಸೆಟ್ಟಿಗೇ ಕರೆಂಟ್ ಯಾವಾಗ ಬರ್ತೈತೋ ಗೊತ್ತಿಲ್ಲ."

ಎಲ್ಲರೂ ನಕ್ಕರು. ನಮಗೂ ನಗು ಬಂತು. ಆದರೆ ಅಜ್ಜಿ ಕೇಳಿದ್ದು ನಿಜವಾಗಿಯೂ ಒಳ್ಳೇ ಇಂಜಿನಿಯರಿಂಗ್ ಪ್ರಶ್ನೆ. ಚಿಟ್ಟಿ ತನ್ನನ್ನು ಪರಿಚಯಿಸಿಕೊಳ್ಳುವಾಗ ವೇಗ 1 ಟೆರಾಹರ್ಟ್ಜ್, ಮೆಮೊರಿ 1 ಜೆಟ್ಟಾಬೈಟ್ ಅನ್ನುತ್ತದೆ. ಚಿಕ್ಕಂದಿನಲ್ಲಿ ಟಿವಿಯಲ್ಲಿ ನೋಡುವಾಗ ಅದು ಬರೇ ಮಂತ್ರದ ಥರ ಕೇಳಿಸಿತ್ತು. ಈ ಸಲ ಮಾಳಿಗೆಯ ಮೇಲೆ ಕೂತೇ ಲೆಕ್ಕ ಹಾಕಿದೆವು. ಜೆಟ್ಟಾ ಅಂದರೆ 1ರ ಮುಂದೆ 21 ಸೊನ್ನೆ. 128 ಜಿಬಿಯ ಫೋನುಗಳಲ್ಲಿ ಅಷ್ಟನ್ನು ತುಂಬಿಸಬೇಕಾದರೆ ಸುಮಾರು 780 ಕೋಟಿ ಫೋನು ಬೇಕು. ಭೂಮಿಯ ಮೇಲಿನ ಹೆಚ್ಚುಕಮ್ಮಿ ಪ್ರತಿಯೊಬ್ಬರ ಕೈಗೂ ಒಂದೊಂದು ಕೊಟ್ಟಂಗಾಯಿತು. ಇನ್ನು 1 ಟೆರಾಹರ್ಟ್ಜ್ ಗಡಿಯಾರದ ಒಂದು ಟಿಕ್‌ನಲ್ಲಿ ಬೆಳಕು ಸಾಗುವುದೇ 0.3 ಮಿಲಿಮೀಟರ್. ಸಂಕೇತ ಚಿಪ್ಪಿನ ಈ ತುದಿಯಿಂದ ಆ ತುದಿಗೆ ಮುಟ್ಟುವ ಮೊದಲೇ ಮುಂದಿನ ಟಿಕ್ ಬಂದುಬಿಡುತ್ತದೆ. ನಮ್ಮ ಲ್ಯಾಪ್‌ಟಾಪುಗಳು ಇಪ್ಪತ್ತು ವರ್ಷದಿಂದ ಕೆಲವೇ ಗಿಗಾಹರ್ಟ್ಜ್‌ನಲ್ಲಿ ನಿಂತಿರುವುದಕ್ಕೆ ಕಾರಣ ಶಾಖ. ಗಡಿಯಾರದ ವೇಗ ಏರಿಸಿದರೆ ಚಿಪ್ಪು ಒಲೆಯಾಗುತ್ತದೆ. ಮನುಷ್ಯನ ಮೆದುಳು ಸುಮಾರು 20 ವ್ಯಾಟ್‌ನಲ್ಲಿ ನಡೆಯುತ್ತದೆ, ಒಂದೆರಡು ಎಲ್‌ಇಡಿ ಬಲ್ಬಿನಷ್ಟು. ಅದೂ ಜೋಳದ ರೊಟ್ಟಿಯ ಮೇಲೆ. ಅಜ್ಜಿಗೆ ಇದನ್ನು ಹೇಳಿದಾಗ "ಅದಕ್ಕ ನಾ ಕೇಳಿದ್ದು" ಅಂದರು.

ಸಿನಿಮಾದಲ್ಲಿ ಒಂದು ದೃಶ್ಯ ಬರುತ್ತದೆ. ಕಟ್ಟಡಕ್ಕೆ ಬೆಂಕಿ ಬಿದ್ದಿರುತ್ತದೆ. ಚಿಟ್ಟಿ ಒಳಗೆ ನುಗ್ಗಿ ಒಬ್ಬೊಬ್ಬರನ್ನೇ ಹೊರಗೆ ತರುತ್ತದೆ. ಸ್ನಾನ ಮಾಡುತ್ತಿದ್ದ ಒಬ್ಬ ಹುಡುಗಿಯನ್ನೂ ಹಾಗೇ ಎತ್ತಿಕೊಂಡು ಬರುತ್ತದೆ. ಹೊರಗೆ ಜನ, ಕ್ಯಾಮೆರಾ. ಅವಮಾನ ತಾಳಲಾರದೆ ಆಕೆ ಓಡಿ ಹೋಗಿ ಲಾರಿಗೆ ಸಿಕ್ಕಿ ಸಾಯುತ್ತಾಳೆ. ಇಲ್ಲಿಯವರೆಗೆ ಗದ್ದಲ ಮಾಡುತ್ತಿದ್ದ ಮಾಳಿಗೆ ಈ ದೃಶ್ಯಕ್ಕೆ ಪೂರ್ತಿ ಸುಮ್ಮನಾಯಿತು. ಕಾಕಾ ಕೂಡ ಡಬ್ಬಿಂಗ್ ನಿಲ್ಲಿಸಿದರು. ಅಜ್ಜಿ ಅಂದರು, "ಮೊದಲ ಒಂದು ಸೀರಿ ಹೊಚ್ಚಬೇಕಿತ್ತು."

ನಮ್ಮ ಕ್ಲಾಸಿನಲ್ಲಿ ಇದಕ್ಕೆ ದೊಡ್ಡ ದೊಡ್ಡ ಹೆಸರುಗಳಿವೆ. ಅಬ್ಜೆಕ್ಟಿವ್ ಫಂಕ್ಷನ್, ಅಲೈನ್‌ಮೆಂಟ್. ಯಂತ್ರಕ್ಕೆ ಒಂದು ಗುರಿ ಕೊಡುತ್ತೇವೆ, ಅದು ಆ ಸಂಖ್ಯೆಯನ್ನು ಹೆಚ್ಚಿಸುತ್ತ ಹೋಗುತ್ತದೆ. ಗುರಿಯಲ್ಲಿ ಬರೆಯದೇ ಬಿಟ್ಟದ್ದು ಅದರ ಪಾಲಿಗೆ ಇಲ್ಲವೇ ಇಲ್ಲ. ಚಿಟ್ಟಿಗೆ ಹೇಳಿದ್ದು ಜೀವ ಉಳಿಸು ಅಂತ. ಮಾನ ಅನ್ನೋ ವೇರಿಯಬಲ್ ಯಾರೂ ಹಾಕಿರಲಿಲ್ಲ. ಈಗ ಕೇಳಬೇಕಾದ್ದು ಏನೆಂದರೆ, ಸೀರೆ ಹೊಚ್ಚಬೇಕು ಅನ್ನೋದನ್ನೂ ಕೋಡ್‌ನಲ್ಲಿ ಬರೆದರೆ ಸಾಕೇ? ಬರೆಯಬಹುದು. ಆದರೆ ಹೊಗೆ ಉಸಿರುಗಟ್ಟಿಸುತ್ತಿದೆ, ಸೀರೆ ಹುಡುಕಲು ಹತ್ತು ಸೆಕೆಂಡು ಬೇಕು ಅಂದಾಗ? ಇದನ್ನು ನಾವು ನಾವೇ ಚರ್ಚಿಸುತ್ತಿದ್ದಾಗ ಗೆಳೆಯನ ಅವ್ವ ಮಧ್ಯೆ ಬಂದು, "ತಗೊಂಡು ಬರೂದು ಬರಲಿ, ಕ್ಯಾಮೆರಾದವರಿಗೆ ಹಿಂದ ತಿರುಗ್ರಿ ಅಂತ ಹೇಳೂ ಮನಷ್ಯಾ ಅಲ್ಲೆ ಒಬ್ಬರೂ ಇದ್ದಿಲ್ಲೇನು?" ಅಂದರು. ಅಲ್ಲಿಯವರೆಗೆ ನಾವೆಲ್ಲ ಚಿಟ್ಟಿಯ ಕೋಡನ್ನೇ ತಿದ್ದುತ್ತಿದ್ದೆವು. ಸುತ್ತ ನಿಂತ ಜನರನ್ನು ತಿದ್ದುವ ಯೋಚನೆ ನಮ್ಮ ಐದು ಮಂದಿಯಲ್ಲಿ ಒಬ್ಬರಿಗೂ ಬಂದಿರಲಿಲ್ಲ.

ಐಸಾಕ್ ಅಸಿಮೋವ್ 1942ರಲ್ಲೇ ತನ್ನ ಕಥೆಯೊಂದರಲ್ಲಿ ರೋಬೋಟುಗಳಿಗೆ ಮೂರು ನಿಯಮ ಬರೆದ. ಮನುಷ್ಯನಿಗೆ ಹಾನಿ ಮಾಡಬಾರದು, ಮಾತು ಕೇಳಬೇಕು, ತನ್ನನ್ನು ತಾನು ಉಳಿಸಿಕೊಳ್ಳಬೇಕು, ಇದೇ ಕ್ರಮದಲ್ಲಿ. ತಮಾಷೆ ಏನೆಂದರೆ ಅವನ ಕಥೆಗಳು ನಡೆಯುವುದೇ ಈ ನಿಯಮಗಳು ಒಂದಕ್ಕೊಂದು ಸಿಕ್ಕಿಕೊಂಡು ಎಡವಟ್ಟಾಗುವುದರಿಂದ. ಚಿಟ್ಟಿಗಂತೂ ಪರೀಕ್ಷೆಯ ದಿನ ಚಾಕು ಕೊಟ್ಟು ನಿನ್ನನ್ನು ಮಾಡಿದವನನ್ನೇ ಚುಚ್ಚು ಅಂದರೆ ಅದು ಚುಚ್ಚಲು ಹೋಗುತ್ತದೆ. ಅಲ್ಲಿಗೆ ಅದು ಫೇಲು. ವೈವಾದಲ್ಲಿ ಫೇಲಾದವರ ಕಷ್ಟ ನಮಗೆ ಅರ್ಥವಾಗುತ್ತದೆ, ಆದರೆ ಇದು ಸ್ವಲ್ಪ ಹೆಚ್ಚೇ ಆಯಿತು.

ಈ ಸಿನಿಮಾದ ಒಂದು ಬೇರು ಕರ್ನಾಟಕದಲ್ಲೇ ಇದೆ ಅನ್ನೋದು ನಮಗೆ ತಿಳಿದದ್ದು ಮರುದಿನ, ಮೊಬೈಲಿನಲ್ಲಿ ತಡಕಾಡುವಾಗ. ಎಂದಿರನ್‌ಗೆ ಸಂಭಾಷಣೆ ಬರೆದವರಲ್ಲಿ ಒಬ್ಬರು ತಮಿಳಿನ ಪ್ರಸಿದ್ಧ ಲೇಖಕ ಸುಜಾತಾ. ಹೆಂಡತಿಯ ಹೆಸರನ್ನೇ ಕಾವ್ಯನಾಮ ಮಾಡಿಕೊಂಡಿದ್ದ ಎಸ್. ರಂಗರಾಜನ್. ಸಿನಿಮಾ ತೆರೆಗೆ ಬರುವ ಮೊದಲೇ, 2008ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರು ಜೀನೋ ಅನ್ನೋ ರೋಬೋಟ್ ನಾಯಿ ಇರುವ ಕಾದಂಬರಿ ಬರೆದವರು. ಹೊಟ್ಟೆಪಾಡಿನ ಕೆಲಸ ಮಾತ್ರ ಇಂಜಿನಿಯರಿಂಗ್, ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ. ಅಲ್ಲಿ ಅವರ ಮೇಲ್ವಿಚಾರಣೆಯಲ್ಲಿ ರೂಪುಗೊಂಡ ಯಂತ್ರವನ್ನು ನೀವೂ ಒತ್ತಿದ್ದೀರಿ, ನಾವೂ ಒತ್ತಿದ್ದೇವೆ. ಇಲೆಕ್ಟ್ರಾನಿಕ್ ಮತಯಂತ್ರ!

ಇದು ಗೊತ್ತಾದ ಮೇಲೆ ನಾವು ಅರ್ಧ ದಿನ ಇದನ್ನೇ ಮಾತಾಡಿದೆವು. ಒಬ್ಬನೇ ಮನುಷ್ಯ ಎರಡು ಯಂತ್ರಗಳ ಹಿಂದೆ ಇದ್ದಾನೆ. ಕಾಗದದ ಮೇಲಿನದ್ದು ಚಿಟ್ಟಿ. ಎಲ್ಲ ಬಲ್ಲದ್ದು, ಎಲ್ಲ ಭಾಷೆ ಮಾತಾಡುವುದು, ಕೊನೆಗೆ ಪ್ರೀತಿಯನ್ನೂ ಮಾಡುವುದು. ಕೈಯಿಂದ ಮಾಡಿದ್ದು ಮಾತ್ರ ಅದಕ್ಕೆ ಪೂರ್ತಿ ಉಲ್ಟಾ, ಬೇಕಂತಲೇ ದಡ್ಡ ಯಂತ್ರ. ಮತಯಂತ್ರಕ್ಕೆ ನೆಟ್‌ವರ್ಕ್ ಇಲ್ಲ. ಅದರ ಚಿಪ್ಪಿಗೆ ಒಮ್ಮೆ ಬರೆದದ್ದನ್ನು ಮತ್ತೆ ಬರೆಯಲಾಗದು. ಕರೆಂಟು ಹೋದರೂ ನಡೆಯುವಂತೆ ಬ್ಯಾಟರಿ ಇದೆ. ಒಂದು ಬ್ಯಾಲೆಟ್ ಯೂನಿಟ್‌ನಲ್ಲಿ 16 ಗುಂಡಿ. ಅಧಿಕಾರಿ ಕಂಟ್ರೋಲ್ ಯೂನಿಟ್ ಒತ್ತಿ ಅನುಮತಿ ಕೊಡುವತನಕ ಏನೂ ಮಾಡದು. ಈಗ ಪಕ್ಕದಲ್ಲಿ ವಿವಿಪ್ಯಾಟ್ ಇಟ್ಟು 7 ಸೆಕೆಂಡು ಚೀಟಿ ತೋರಿಸುತ್ತಾರೆ, ನೀವು ಒತ್ತಿದ್ದೇ ಬಿತ್ತೋ ಇಲ್ಲವೋ ನೋಡಿಕೊಳ್ಳಲು. 1982ರಲ್ಲಿ ಕೇರಳದ ಪರವೂರು ಉಪಚುನಾವಣೆಯ 50 ಮತಗಟ್ಟೆಗಳಲ್ಲಿ ಮತಯಂತ್ರ ಮೊದಲ ಸಲ ಬಂತು. ಕಾಯ್ದೆಯಲ್ಲಿ ಯಂತ್ರದ ಹೆಸರೇ ಇಲ್ಲ ಅಂತ 1984ರಲ್ಲಿ ಸುಪ್ರೀಂ ಕೋರ್ಟ್ ಆ ಮತದಾನವನ್ನು ಒಪ್ಪಲಿಲ್ಲ. ಆಮೇಲೆ 1988ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು. ಅಂದರೆ ಯಂತ್ರ ಸಿದ್ಧವಿದ್ದರೂ ದೇಶ ಅದನ್ನು ನಿಲ್ಲಿಸಿ, ಮೊದಲು ನಿನ್ನ ಕಾಗದ ತೋರಿಸು ಅಂತ ಕೇಳಿತು. ಈಗ ಬರುತ್ತಿರುವ ಎಐ ಯಂತ್ರಗಳಿಗೆ ಯಾರೂ ಹೀಗೆ ನಿಂತು ಕಾಗದ ಕೇಳುತ್ತಿರುವಂತೆ ನಮಗೆ ಕಾಣುತ್ತಿಲ್ಲ. 2022ರ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಬಂತು, ಡಿಸೆಂಬರ್ ಮುಗಿಯುವ ಮೊದಲೇ ಅಸೈನ್‌ಮೆಂಟುಗಳು ಅದರ ಕೈಯಲ್ಲಿದ್ದವು. ಯಾರ ಅಸೈನ್‌ಮೆಂಟು ಅಂತ ಕೇಳಬೇಡಿ.

ಕಾಗದ ಕೇಳುವ ಮಾತು ಬಂದಾಗ ಅಜ್ಜಿಯ ಹೆಬ್ಬೆಟ್ಟಿನ ವಿಷಯ ಹೊರಬಿತ್ತು. ಅಜ್ಜಿಗೆ ತಿಂಗಳಿಗೊಮ್ಮೆ ಬರುವ ಸಣ್ಣ ದುಡ್ಡಿದೆ. ಅದನ್ನು ಪಡೆಯಲು ಒಂದು ಕೌಂಟರಿನಲ್ಲಿ ಬೆರಳಚ್ಚು ಕೊಡಬೇಕು. ಹತ್ತಿ ಬಿಡಿಸಿ, ಕಳೆ ಕಿತ್ತು, ರೊಟ್ಟಿ ಬಡಿದು ಅರವತ್ತು ವರ್ಷದಿಂದ ಸವೆದ ಬೆರಳು ಅದು. ಮಷೀನಿಗೆ ಅಲ್ಲಿ ಗೆರೆಯೇ ಕಾಣುವುದಿಲ್ಲ. ಕೌಂಟರಿನಲ್ಲಿ ಕೂತವರು "ಮಷೀನ್ ತಗೋವಲ್ದು ಬೇ, ನಾಳಿ ಬಾ" ಅಂದರಂತೆ. ನಾಳೆ ಹೋದರೂ ಅದೇ. ಮೂರನೇ ಸಲ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹೋಗಿ, ಒರೆಸಿ, ನಾಲ್ಕು ಬೆರಳು ಬದಲಿಸಿದ ಮೇಲೆ ತಗೊಂಡಿತಂತೆ. ಇದನ್ನು ಅಜ್ಜಿ ಸಿಟ್ಟಿನಿಂದ ಹೇಳಲಿಲ್ಲ. "ನಾ ನಾನ ಅಂತ ಆ ಹುಡುಗಗ ಗೊತ್ತಿತ್ತು. ನನ್ನ ಮೊಮ್ಮಗನ ಜೋಡಿ ಸಾಲಿ ಕಲ್ತಾಂವ. ಆದ್ರ ಮಷೀನಿಗೆ ಗೊತ್ತಿದ್ದಿಲ್ಲ, ಅಂವ ಏನ್ ಮಾಡ್ಯಾನು?" ಅಂದರು.

ಬಯೋಮೆಟ್ರಿಕ್ಸ್ ಓದಿದವರಿಗೆ ಫಾಲ್ಸ್ ರಿಜೆಕ್ಷನ್ ಅನ್ನೋದು ಗೊತ್ತು. ಥ್ರೆಶೋಲ್ಡ್ ಬಿಗಿ ಮಾಡಿದರೆ ಕಳ್ಳರು ಒಳಗೆ ಬರುವುದು ಕಡಿಮೆಯಾಗುತ್ತದೆ, ಆದರೆ ಖರೆ ಮನುಷ್ಯರು ಹೊರಗೆ ಉಳಿಯುವುದು ಹೆಚ್ಚಾಗುತ್ತದೆ. ಪರೀಕ್ಷೆಯಲ್ಲಿ ಎರಡೂ ಗೆರೆ ಎಳೆದು ಅವು ಕೂಡುವ ಜಾಗವನ್ನು ಗುರುತಿಸಿದರೆ ಐದು ಮಾರ್ಕು. ಆ ಗ್ರಾಫಿನಲ್ಲಿ ಹೊರಗೆ ಉಳಿದ ಸಣ್ಣ ಶೇಕಡಾವಾರು ಯಾರು ಅಂತ ನಾವು ಯಾವತ್ತೂ ಕೇಳಿರಲಿಲ್ಲ. ಅದು ಎಲ್ಲರಿಗೂ ಸಮನಾಗಿ ಹಂಚಿ ಬರುವುದಿಲ್ಲ. ಮಣ್ಣಿನಲ್ಲಿ ಕೈಯಿಟ್ಟು ದುಡಿದವರ, ವಯಸ್ಸಾದವರ ಬೆರಳಿಗೇ ಹುಡುಕಿಕೊಂಡು ಬರುತ್ತದೆ. ಸಿನಿಮಾದ ರೋಬೋಟ್ ಬಂದೂಕು ಹಿಡಿದು ಬರುತ್ತದೆ, ಹಾಗಾಗಿ ಅದನ್ನು ಕಂಡರೆ ಜನ ಓಡುತ್ತಾರೆ. ಇದು ಟೇಬಲ್ಲಿನ ಮೇಲೆ ಕೆಂಪು ದೀಪ ಹಚ್ಚಿಕೊಂಡು ಸುಮ್ಮನೆ ಕೂತಿರುತ್ತದೆ.

ಪಕ್ಕದ ಮನೆಯ ಅಜ್ಜ ಅಲ್ಲಿಯವರೆಗೆ ಮಾತಾಡಿರಲಿಲ್ಲ. ಬೀಡಿ ಆರಿಸಿ, "ಮಷೀನು ಈಗ ಬಂತು. ಈ ಆಟ ಹಳೇದು" ಅಂದರು. ಅವರು ಹೇಳಿದ್ದು 1980ರ ಮಾತು. ಮಲಪ್ರಭಾ ಕಾಲುವೆಯ ನೀರಿನ ಕರ, ಅಭಿವೃದ್ಧಿ ಕರ ಅಂತ ರೈತರ ಮೇಲೆ ಬಾಕಿ ಹೊರಿಸಿದ್ದರ ವಿರುದ್ಧ ನರಗುಂದ, ನವಲಗುಂದದಲ್ಲಿ ಎದ್ದ ಬಂಡಾಯ, ಜುಲೈ 21ರ ಗೋಲಿಬಾರು. ಆ ದಿನವನ್ನು ಈಗಲೂ ರೈತ ಹುತಾತ್ಮ ದಿನವಾಗಿ ಆಚರಿಸುತ್ತಾರೆ. ರೈತ ಸಂಘ ಹುಟ್ಟಿದ್ದರ ಹಿಂದೆ ಆ ಕಿಚ್ಚಿದೆ. ಅಜ್ಜ ಇಷ್ಟೇ ಅಂದರು, "ಅವತ್ತ ರಿಜಿಸ್ಟರದಾಗ ನೀರು ಹರಿದಿತ್ತು. ಹೊಲದಾಗ ಇದ್ದಿಲ್ಲ." ನಾವು ಡೇಟಾ ಕ್ವಾಲಿಟಿ ಅನ್ನೋ ಅಧ್ಯಾಯವನ್ನು ಮೂವತ್ತು ಸ್ಲೈಡಿನಲ್ಲಿ ಓದಿದ್ದೇವೆ. "ಆದ್ರ ಅವತ್ತ ಬೈಲಿಕ್ಕೆ ಒಬ್ಬ ಸಾಹೇಬ ಇದ್ದ. ಕಚೇರಿ ಇತ್ತು, ಹೋಗಿ ಮುಂದ ನಿಂತ್ವಿ. ನಾಳಿ ಮಷೀನ್ ತಪ್ಪ ಬರದ್ರ ಯಾರ ಮುಂದ ನಿಲ್ಲೂದು?" ಅಂತ ಕೇಳಿದರು. ಐದು ಮಂದಿ ಭಾವೀ ಇಂಜಿನಿಯರುಗಳು ಒಬ್ಬರ ಮುಖ ಒಬ್ಬರು ನೋಡಿದೆವು.

ರೋಬೋಟ್ ಅನ್ನೋ ಶಬ್ದ ಬಂದದ್ದು 1920ರಲ್ಲಿ ಚೆಕ್ ಲೇಖಕ ಕಾರೆಲ್ ಚಾಪೆಕ್ ಬರೆದ ನಾಟಕದಿಂದ. ಮೂಲ ಚೆಕ್ ಪದ ರೊಬೊಟಾ. ಅದಕ್ಕೆ ನಮ್ಮಲ್ಲಿ ಸರಿಯಾದ ಮಾತಿದೆ, ಬಿಟ್ಟಿ ಚಾಕರಿ. ಕನ್ನಡಕ್ಕೆ ತರುವಾಗ ನಾವು ಅದನ್ನು ಯಂತ್ರಮಾನವ ಮಾಡಿದೆವು. ಚಾಕರಿ ಬಿಟ್ಟುಹೋಗಿ ಮಾನವ ಬಂದು ಕೂತ. ಬಹುಶಃ ಅದಕ್ಕೇ ನಮ್ಮ ಸಿನಿಮಾಗಳಲ್ಲಿ ರೋಬೋಟಿಗೆ ಎಲ್ಲಕ್ಕಿಂತ ಮೊದಲು ಹೀರೋನ ಮುಖ, ಆಮೇಲೆ ಹೀರೋಯಿನ್ ಮೇಲೆ ಪ್ರೀತಿ. ಯುಎಸ್ 47ಕ್ಕೂ ಅದೇ ಕಷ್ಟ, ಚಿಟ್ಟಿಗೂ ಅದೇ. ಕೆಲಸದ ಕಥೆ ಯಾರೂ ತೆಗೆಯುವುದಿಲ್ಲ. ಚಿಟ್ಟಿ ಬಂದರೆ ಕಳೆ ಕೀಳುವ ಹೆಣ್ಣುಮಕ್ಕಳ ಪಗಾರ ಏನಾಗುತ್ತದೆ, ಡೇಟಾ ಎಂಟ್ರಿ ಮಾಡುವ ಹುಡುಗನ ಗತಿ ಏನು, ಕೋಡ್ ಬರೆಯುವ ನಮ್ಮ ಗತಿ ಏನು, ಇದರ ಮೇಲೆ ಒಂದು ಕನ್ನಡ ಸಿನಿಮಾ ಯಾರಾದರೂ ಮಾಡಿದರೆ ಮೊದಲ ದಿನದ ಮೊದಲ ಶೋಗೆ ನಾವು ಐದೂ ಮಂದಿ ಹೋಗುತ್ತೇವೆ. ಹಾಡು ಇಲ್ಲದಿದ್ದರೂ ನಡೆಯುತ್ತದೆ.

ಚಿಟ್ಟಿಗೆ ಎಲ್ಲ ಭಾಷೆ ಬರುತ್ತದೆ ಅಂದಾಗ ಕಾಕಾಗೆ ಒಂದು ಸಂಶಯ ಬಂತು. "ಎಲ್ಲಾ ಅಂದ್ರ ನಮ್ಮದೂ ಬರ್ತೈತೇನು?" ಪರೀಕ್ಷೆ ಮಾಡಿಯೇ ಬಿಡೋಣ ಅಂತ ಫೋನಿನ ಕನ್ನಡ ವಾಯ್ಸ್ ಟೈಪಿಂಗ್ ಹಚ್ಚಿ ಅಜ್ಜಿಯ ಕೈಗೆ ಕೊಟ್ಟೆವು. ಅಜ್ಜಿ ಆಕಾಶ ನೋಡಿ, "ಮಳಿ ಬರೂ ಹಂಗೈತಿ" ಅಂದರು. ಪರದೆಯ ಮೇಲೆ ಮೂಡಿದ್ದು: ಮಾಲಿ ಬರೋ ಹಂಗೇರಿ. ಹಂಗೇರಿ ಅಂದರೆ ಯುರೋಪಿನ ದೇಶ ಅಂತ ತಂಗಿ ವಿವರಿಸಿದಳು. ಆ ರಾತ್ರಿ ಪೂರ್ತಿ ಹಂಗೇರಿಯ ಮಾಲಿಯದ್ದೇ ಮಾತು. ನಾವು ಅದೇ ವಾಕ್ಯವನ್ನು ಟೆಕ್ಸ್ಟ್‌ಬುಕ್ ಥರ "ಮಳೆ ಬರುವ ಹಾಗಿದೆ" ಅಂದೆವು, ತಟ್ಟನೆ ಸರಿಯಾಗಿ ಬರೆಯಿತು. ಯಂತ್ರದ ತಲೆಯೊಳಗೆ ಇರುವ ಕನ್ನಡ ಪತ್ರಿಕೆಯ, ಟಿವಿ ವಾರ್ತೆಯ ಕನ್ನಡ. ಅದರಲ್ಲೂ ಅಕ್ಷರಕ್ಕೆ ಕೊಡಬೇಕಾದ ಬೆಲೆ ಬೇರೆ. ಚಿಕ್ಕನರಗುಂದ ಅಂತ ಕನ್ನಡದಲ್ಲಿ ಬರೆದರೆ ಕಂಪ್ಯೂಟರಿಗೆ ಅದು 11 ಯೂನಿಕೋಡ್ ಸಂಕೇತ, ಒಂದೊಂದಕ್ಕೆ 3 ಬೈಟಿನಂತೆ ಯುಟಿಎಫ್ 8ರಲ್ಲಿ 33 ಬೈಟು. ಇಂಗ್ಲಿಷ್ ಲಿಪಿಯಲ್ಲಿ ಅದೇ ಊರಿಗೆ 14 ಅಕ್ಷರ, 14 ಬೈಟು. ನೀವು ಬಳಸುವ ಭಾಷಾ ಮಾಡೆಲ್ ಕನ್ನಡವನ್ನು ಸಣ್ಣ ಸಣ್ಣ ಚೂರು ಮಾಡಿ ಓದುತ್ತದೆ, ಇಂಗ್ಲಿಷನ್ನು ಗುಟುಕು ಗುಟುಕಾಗಿ ನುಂಗುತ್ತದೆ. ಇದು ಯಾರೋ ದ್ವೇಷದಿಂದ ಮಾಡಿದ್ದಲ್ಲ. ಅಂತರ್ಜಾಲದಲ್ಲಿ ಯಾವ ಭಾಷೆ ಎಷ್ಟು ಇದೆಯೋ ಅದರ ಮೇಲೆ ಈ ಚೂರುಗಳು ನಿಂತಿವೆ. ಅಜ್ಜಿಯ ಮಾತು ಅಲ್ಲಿ ಇಲ್ಲ, ಹಾಗಾಗಿ ಯಂತ್ರದೊಳಗೂ ಇಲ್ಲ. ಕೌಂಟರಿನಲ್ಲಿ ಬೆರಳು ಹೊರಗೆ ಉಳಿದಂತೆ ಇಲ್ಲಿ ದನಿ ಹೊರಗೆ ಉಳಿಯಿತು.

ಎಂದಿರನ್ ಸಿನಿಮಾದ ಕೊನೆಯ ದೃಶ್ಯ ನೆನಪಿದೆಯೇ? ಮ್ಯೂಸಿಯಂ. ಬಿಡಿ ಬಿಡಿಯಾಗಿ ಬಿಚ್ಚಿ ಇಟ್ಟ ಚಿಟ್ಟಿಯನ್ನು ಶಾಲಾ ಮಕ್ಕಳು ನೋಡಲು ಬಂದಿರುತ್ತಾರೆ. ಯಾಕೆ ಬಿಚ್ಚಿದರು ಅಂತ ಒಂದು ಹುಡುಗಿ ಕೇಳಿದರೆ, ಯೋಚಿಸಲು ಶುರು ಮಾಡಿದ್ದಕ್ಕೆ ಅನ್ನುವ ಅರ್ಥದ ಉತ್ತರ ಕೊಡುತ್ತದೆ. ಆ ದೃಶ್ಯ ನಡೆಯುವುದು 2030ರಲ್ಲಿ. 2010ರಲ್ಲಿ ಕೂತು ನೋಡಿದವರಿಗೆ ಅದು ಬಹಳ ದೂರದ ವರ್ಷ. ನಮ್ಮ ಗೆಳೆಯನ ತಂಗಿ ಈ ವರ್ಷ ಕಾಲೇಜು ಸೇರಿದರೆ ಡಿಗ್ರಿ ಮುಗಿಸಿ ಹೊರಗೆ ಬರುವುದೂ 2030ರಲ್ಲೇ. ಇದನ್ನು ಮೊದಲು ಗಮನಿಸಿದ್ದು ಅವಳೇ. ಧೋತರ ಮಡಚುತ್ತಿದ್ದಾಗ ಮೆಲ್ಲಗೆ ಹೇಳಿದಳು. ಅವಳ ಅಪ್ಪ ಕೇಳಿಸಿಕೊಂಡರು. ನಾಲ್ಕು ವರ್ಷದ ಫೀಸು, ಹಾಸ್ಟೆಲ್ಲು, ಅದಕ್ಕೆ ತೆಗೆಯಬೇಕಾದ ಸಾಲ. ಮಳೆ ಕೈ ಕೊಟ್ಟರೆ ಕಡಲೆಯೂ ಇಲ್ಲ, ಜೋಳವೂ ಇಲ್ಲ. ಅವರು ನಮ್ಮನ್ನು ನೇರವಾಗಿ ಕೇಳಿದರು, "ನಾಕ್ ವರ್ಷ ಬಿಟ್ಟು ಈ ಕಲ್ತದ್ದಕ್ಕ ಕೆಲಸ ಇರ್ತೈತೋ ಇಲ್ಲೋ, ಒಂದ ಮಾತಿನ್ಯಾಗ ಹೇಳ್ರಿ."

ಒಂದೇ ಮಾತಿನಲ್ಲಿ ಹೇಳಲು ನಮಗೆ ಆಗಲಿಲ್ಲ. ಪ್ಲೇಸ್‌ಮೆಂಟ್ ಸೆಲ್‌ನ ಪೋಸ್ಟರಿನ ಭಾಷೆಯಲ್ಲಿ ಹೌದು ಅಂತ ಹೇಳಿಬಿಡಬಹುದಿತ್ತು, ನಮ್ಮಲ್ಲೊಬ್ಬ ಬಾಯಿ ತೆಗೆದೂ ಇದ್ದ, ಗೆಳತಿ ಅವನ ಕಾಲು ತುಳಿದಳು. ನಮಗೆ ಗೊತ್ತಿದ್ದನ್ನು ಹೇಳಿದೆವು. ಬ್ರಾಂಚಿನ ಹೆಸರಿನಲ್ಲಿ ಎಐ ಇದ್ದ ಮಾತ್ರಕ್ಕೆ ಕೆಲಸ ಬರುವುದಿಲ್ಲ. ಗಣಿತ, ಸಂಭವನೀಯತೆ, ಪ್ರೋಗ್ರಾಮಿಂಗ್, ಸರ್ಕ್ಯೂಟು, ಇವು ಯಾವ ಬೋರ್ಡಿನ ಕೆಳಗೆ ಕಲಿತರೂ ಅವೇ. ಸರಳ ಕೋಡ್ ಬರೆಯುವ ಕೆಲಸವನ್ನು ಈಗಾಗಲೇ ಯಂತ್ರ ಮಾಡುತ್ತಿದೆ, ನಾವೇ ಅದರಿಂದ ಮಾಡಿಸುತ್ತಿದ್ದೇವೆ. ಅದು ಬರೆದದ್ದು ಸರಿಯೋ ತಪ್ಪೋ ಅಂತ ನೋಡಿ ಹೇಳುವವರು, ತಪ್ಪಾದಾಗ ಮುಂದೆ ಬಂದು ನಿಲ್ಲುವವರು ಬೇಕಾಗುತ್ತಾರೆ ಅನ್ನೋದು ನಮ್ಮ ನಂಬಿಕೆ. ನಂಬಿಕೆ ಅಷ್ಟೇ, ಗ್ಯಾರಂಟಿ ಕಾರ್ಡು ಅಲ್ಲ. ಅಪ್ಪ ತಲೆ ತೂಗಿದರು. ಪಕ್ಕದ ಮನೆಯ ಅಜ್ಜನ ಕಡೆ ತಿರುಗಿ, "ನೀ ಕೇಳಿದ್ದಿ ನೋಡು, ಯಾರ ಮುಂದ ನಿಲ್ಲೂದು ಅಂತ. ಈಕಿ ಮುಂದ ನಿಂದ್ರು" ಅಂದರು. ತಂಗಿಗೆ ನಗು ಬಂತೋ ಹೆದರಿಕೆ ಬಂತೋ ಕತ್ತಲಲ್ಲಿ ಕಾಣಲಿಲ್ಲ. ಆಪ್ಷನ್ ಎಂಟ್ರಿಗೆ ಅಂತ ಅವಳು ಪಟ್ಟಿ ಮಾಡಿಕೊಂಡಿದ್ದಾಳೆ. ಮೊದಲನೆಯದು ಎಲೆಕ್ಟ್ರಾನಿಕ್ಸ್, ಎರಡನೆಯದು ಎಐ. ಸುಜಾತಾ ಓದಿದ್ದೂ ಎಲೆಕ್ಟ್ರಾನಿಕ್ಸೇ ಅಲ್ಲವಾ ಅಂತ ನಮಗೇ ತಿರುಗಿ ಪಾಠ ಹೇಳಿದಳು.

ನಾವು ಬಂದು ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಕೊಟ್ಟಿದ್ದೇವೆ. ನರಗುಂದ ಕಡೆಯ ಮಾತನ್ನು ರೆಕಾರ್ಡ್ ಮಾಡಿ, ಕೇಳಿದ್ದನ್ನು ಕೇಳಿದಂತೆ ಬರೆದು, ಒಂದು ಸಣ್ಣ ಸ್ಪೀಚ್ ಮಾಡೆಲ್ಲಿಗೆ ಕಲಿಸುವುದು. ದೊಡ್ಡ ಸಾಹಸವೇನಲ್ಲ. ಕೆಲವು ಗಂಟೆಗಳ ದನಿ ಸಿಕ್ಕರೆ ಹಂಗೇರಿಯಾದರೂ ತಪ್ಪೀತು. ಗೈಡ್ ಒಪ್ಪಿದ್ದಾರೆ. ಮಳಿ ಅನ್ನೋದನ್ನು ಮಳೆ ಅಂತ ತಿದ್ದಿ ಬರೆಯಬೇಕೋ ಮಳಿ ಅಂತಲೇ ಬರೆಯಬೇಕೋ ಅನ್ನೋ ಜಗಳ ನಮ್ಮೊಳಗೆ ಇನ್ನೂ ಮುಗಿದಿಲ್ಲ. ಎರಡನ್ನೂ ಇಟ್ಟುಕೊಳ್ಳೋಣ ಅಂತ ಸದ್ಯಕ್ಕೆ ರಾಜಿ ಆಗಿದೆ.

ಮೊದಲ ದನಿ ಅಜ್ಜಿಯದ್ದೇ ಆಗಲಿ ಅಂತ ಫೋನ್ ಮಾಡಿದೆವು. ಅಜ್ಜಿ ಕೂಡಲೇ ಒಪ್ಪಲಿಲ್ಲ. "ನನ್ನ ದನಿ ಒಯ್ದು ಏನ್ ಮಾಡ್ತೀರಿ? ಯಾರ ಕಡೆ ಇಡ್ತೀರಿ? ನಾ ಸತ್ತ ಮ್ಯಾಲೂ ಅದು ಮಾತಾಡ್ತೈತೇನು?" ಅಂತ ಮೂರು ಪ್ರಶ್ನೆ ಕೇಳಿದರು. ಮೊದಲ ಎರಡಕ್ಕೆ ಉತ್ತರ ಬರೆದು ಕಾಗದ ಮಾಡಿದ್ದೇವೆ, ಅಜ್ಜಿಗೆ ಓದಿ ಹೇಳಲು ಕನ್ನಡದಲ್ಲೇ, ಒಂದು ಪುಟ. ಮೂರನೆಯದರ ಬಗ್ಗೆ ಹಾಸ್ಟೆಲಿನಲ್ಲಿ ಇನ್ನೂ ಮಾತು ನಡೆದಿದೆ. ಮುಂದಿನ ಭಾನುವಾರ ಚಿಕ್ಕನರಗುಂದಕ್ಕೆ ಹೋಗುತ್ತಿದ್ದೇವೆ, ಮೈಕು ಇರುವವರು ಯಾರಾದರೂ ಇದ್ದರೆ ಎರಡು ದಿನಕ್ಕೆ ಕೊಡಿ.